ಪಾರ್ಕಿಗೆ ಗುದ್ದಲಿ ಪೂಜೆ ಆಗೋ ಮುಂಚೆ ಎಸ್ಟಿಮೇಟ್ ಕೈಗೆ ತಗೊಳ್ಳಿ

ನಿಮ್ಮ ಬಡಾವಣೆ ಪಾರ್ಕ್ ಅಭಿವೃದ್ಧಿಗೆ ದುಡ್ಡು ಸ್ಯಾಂಕ್ಷನ್ ಆಗಿದೆ ಅಂತ ಸುದ್ದಿ ಬಂದ್ರೆ ಸ್ವೀಟ್ ಹಂಚೋದು ಆಮೇಲೆ, ಮೊದಲು ಎಸ್ಟಿಮೇಟ್, ಅಂದ್ರೆ ಏನೇನು ಕೆಲಸ, ಎಷ್ಟೆಷ್ಟು ಖರ್ಚು ಅನ್ನೋ ಪಟ್ಟಿ, ಅದ್ರ ಕಾಪಿ ಎಲ್ಲಿದೆ ಅಂತ ಹುಡುಕಿ. ಯಾಕಂದ್ರೆ ಗುದ್ದಲಿ ಪೂಜೆ ಆಗಿ ಫೋಟೋ ಪೇಪರ್‌ನಲ್ಲಿ ಬಂದ್ಮೇಲೆ ನೀವು ಏನೇ ಹೇಳಿದ್ರೂ "ಎಸ್ಟಿಮೇಟ್‌ನಲ್ಲಿ ಇಲ್ಲ ಸಾರ್" ಅನ್ನೋ ಒಂದೇ ಉತ್ತರ ಬರೋದು, ಅದು ಸುಳ್ಳೂ ಅಲ್ಲ, ಕಂಟ್ರಾಕ್ಟರ್ ಅದ್ರಲ್ಲಿರೋ ಐಟಂ ಮಾತ್ರ ಮಾಡೋದು, ಬಿಲ್ ಆಗೋದೂ ಅದಕ್ಕೇ. ತುಮಕೂರಲ್ಲಿ ಪಾರ್ಕ್ ಅಂದ್ರೆ ಎಲ್ರೂ ಅಮಾನಿಕೆರೆ, ಗಾಜಿನ ಮನೆ ಕಡೆ ಕೈ ತೋರಿಸ್ತಾರೆ, ನಮ್ಮೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ಮೇಲೆ ಅಲ್ಲೂ ಕೆಲಸ ನಡೀತು, ಸರಿ. ಆದ್ರೆ ಪಾಲಿಕೆಯ 35 ವಾರ್ಡ್‌ಗಳಲ್ಲಿ ದಿನಾ ಬೆಳಗ್ಗೆ ಸಂಜೆ ಜನ ಕಾಲಿಡೋದು ಮನೆ ಹತ್ರದ ಸಣ್ಣ ಪಾರ್ಕಿಗೆ, ಕುವೆಂಪುನಗರದವ್ರಾಗ್ಲಿ ಬಟವಾಡಿಯವ್ರಾಗ್ಲಿ ಮಂಡಿ ನೋವಿಟ್ಕೊಂಡು ದಿನಾ ಕೆರೆ ತನಕ ಬರಲ್ಲ. ಹಾಗಾಗಿ ಇಲ್ಲಿ ಹೇಳೋದೆಲ್ಲ ಮುಖ್ಯವಾಗಿ ಆ ಸಣ್ಣ ಪಾರ್ಕ್‌ಗಳಿಗೆ, ದೊಡ್ಡದಕ್ಕೂ ಮುಕ್ಕಾಲು ಪಾಲು ಅನ್ವಯಿಸತ್ತೆ.

ಮೊದಲು ಪಾರ್ಕಿನ ಜಾತಕ ತೆಗೀರಿ. ಇದು ಟೈಂಪಾಸ್‌ಗೆ ಹಳೇ ಕಥೆ ಕೆದಕೋದಲ್ಲ, ಜಾಗ ಯಾರದು ಅಂತ ಗೊತ್ತಿಲ್ದೆ ಮುಂದೆ ಒಂದು ಅರ್ಜಿನೂ ಸರಿಯಾಗಿ ಬರಿಯೋಕಾಗಲ್ಲ. ನಗರಾಭಿವೃದ್ಧಿ ಪ್ರಾಧಿಕಾರ ಅಂದ್ರೆ ನಮ್ಮ ಟೂಡಾದಲ್ಲಿ ಬಡಾವಣೆಯ ಅನುಮೋದಿತ ನಕ್ಷೆ ಇರತ್ತೆ, ಅದ್ರಲ್ಲಿ ಪಾರ್ಕ್ ಬೇರೆ, ಸಿಎ ಸೈಟ್ ಅಂದ್ರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ ಬೇರೆ ಅಂತ ಗುರುತು ಹಾಕಿರ್ತಾರೆ. ಈ ವ್ಯತ್ಯಾಸ ತಲೇಲಿರ್ಲಿ. ಸಿಎ ಸೈಟನ್ನ ಸ್ಕೂಲು, ಆಸ್ಪತ್ರೆ, ಸಂಘ ಸಂಸ್ಥೆಗೆ ಕೊಡಬಹುದು, ಪಾರ್ಕ್ ಅಂತ ಬಿಟ್ಟ ಜಾಗನ ಹಾಗೆ ಕೊಡೋಕಾಗಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೇಲಿ ಪಾರ್ಕಿಗೆ ಬಿಟ್ಟಿದ್ದ ಜಾಗನ ನರ್ಸಿಂಗ್ ಹೋಂ ಕಟ್ಟೋಕೆ ಕೊಟ್ಟಿದ್ರು, ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು, 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಆಗಲ್ಲ ಅಂತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವರ್ಸಸ್ ಮುದ್ದಪ್ಪ ಅಂತ ಕೇಸಿನ ಹೆಸರು, ಪಾರ್ಕ್ ಮೂಲೇಲಿ ಯಾರೋ ಸಮುದಾಯ ಭವನ ಎಬ್ಬಿಸ್ತೀನಿ ಅಂತ ಬಂದ್ರೆ ಅರ್ಜೀಲಿ ಈ ಹೆಸರು ಒಂದು ಸಾಲು ಬರೀರಿ, ಮಾತಿನ ಧಾಟಿನೇ ಬದಲಾಗತ್ತೆ. ಜೊತೆಗೆ 1985ರದ್ದೊಂದು ರಾಜ್ಯ ಕಾಯ್ದೆ ಇದೆ, ಪಾರ್ಕು, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆ ಅಂತ್ಲೇ ಮಾಡಿದ್ದು. ಅದ್ರ ಪ್ರಕಾರ ಇಂಥ ಜಾಗಗಳ ಪಟ್ಟಿ ಮಾಡಿ ಪ್ರಕಟಿಸಬೇಕು. ನಿಮ್ಮ ಪಾರ್ಕ್ ಆ ಪಟ್ಟೀಲಿ ಇದೆಯಾ ಅಂತ ಲಿಖಿತವಾಗಿ ಕೇಳಿ. ಬಾಯಲ್ಲಿ "ಇದೆ ಇದೆ" ಅಂದ್ರೆ ಲೆಕ್ಕಕ್ಕಿಲ್ಲ.

ಖಾಸಗಿ ಲೇಔಟ್ ಆಗಿದ್ರೆ ಇನ್ನೊಂದು ತಂಟೆ ಇರತ್ತೆ. ಲೇಔಟ್ ಮಾಡಿದವ್ರು ರಸ್ತೆ, ಪಾರ್ಕ್ ಎಲ್ಲಾ ಪ್ರಾಧಿಕಾರಕ್ಕೆ ಬರ್ಕೊಟ್ಟಿರ್ಬೇಕು, ಆಮೇಲೆ ಪ್ರಾಧಿಕಾರ ಪಾಲಿಕೆಗೆ ಹಸ್ತಾಂತರ ಮಾಡಿರ್ಬೇಕು, ಈ ಎರಡ್ರಲ್ಲಿ ಯಾವುದೋ ಒಂದು ಕಾಗದ ನಿಂತೋಗಿದ್ರೆ ಕಸ ತೆಗೀರಿ ಅಂದ್ರೂ ಇವ್ರು ಅವ್ರ ಕಡೆ ಅವ್ರು ಇವ್ರ ಕಡೆ ಕಳಿಸ್ತಾರೆ, ನೀವು ಮಧ್ಯದಲ್ಲಿ ಸುತ್ತಾಡ್ತಾನೇ ಇರ್ತೀರ. ಸ್ಮಾರ್ಟ್ ಸಿಟಿ ದುಡ್ಡಲ್ಲಿ ಆದ ಕೆಲಸಗಳಿಗೂ ಇದೇ ಪ್ರಶ್ನೆ ಕೇಳಿ, ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗೀತು, ಈಗ ನಿರ್ವಹಣೆ ಯಾರ ತಲೆ ಮೇಲಿದೆ ಅನ್ನೋ ಕಾಗದ ಕೇಳಿ ಇಟ್ಕೊಳ್ಳಿ.

ಫೋನು, ಕಂಪ್ಯೂಟರಲ್ಲೇ ಮಾಡೋ ಕೆಲಸ ಎರಡಿದೆ. ಸರ್ಕಾರದ ಸರ್ವೆ ನಕ್ಷೆ ತೋರ್ಸೋ ದಿಶಾಂಕ್ ಆ್ಯಪ್ ಹಾಕ್ಕೊಂಡು ಪಾರ್ಕಲ್ಲಿ ನಿಂತು ನೋಡಿದ್ರೆ ಸರ್ವೆ ನಂಬರ್ ಬರತ್ತೆ, ಹಳ್ಳ, ಕೆರೆ ಏನಾದ್ರೂ ಪಕ್ಕದಲ್ಲಿ ಹಾದುಹೋಗಿದ್ರೆ ಅದೂ ಕಾಣತ್ತೆ. ಕಂಪ್ಯೂಟರ್ ಇದ್ರೆ ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷದ ಚಿತ್ರಗಳನ್ನ ಹಿಂದೆ ಮುಂದೆ ಓಡಿಸ್ಬಹುದು, ಎಲ್ಲಿ ಮರ ಇತ್ತು, ಕಾಂಪೌಂಡ್ ಯಾವಾಗ ಒಳಗೆ ಸರೀತು, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ತಿತ್ತು ಎಲ್ಲಾ ಗೊತ್ತಾಗತ್ತೆ. ಇದರ ಮೇಲೆ ಏರಿಯಾದ ಇಬ್ರು ಮೂರು ಜನ ಯಜಮಾನ್ರನ್ನ ಕಟ್ಟೆ ಮೇಲೆ ಕೂರಿಸ್ಕೊಂಡು ಮಾತಾಡ್ಸಿ. ನಮ್ಮ ಕಡೆ ಒಬ್ರು ಅಜ್ಜ "ಅಲ್ಲಿ ಜಾರುಬಂಡೆ ಹಾಕವ್ರಲ್ಲಪ್ಪಾ, ಅದೇ ನೀರು ಇಳಿಯೋ ಜಾಗ, ಮೊದ್ಲಿಂದ್ಲೂವೆ" ಅಂದಿದ್ರು, ಯಾವ ಡ್ರಾಯಿಂಗಲ್ಲೂ ಅದು ಇರ್ಲಿಲ್ಲ, ಈಗ ಪ್ರತಿ ಮಳೆಗಾಲ ಜಾರುಬಂಡೆ ಕೆಳಗೆ ಮೊಣಕಾಲುದ್ದ ನೀರು.

ಆಮೇಲೆ ಪಾರ್ಕನ್ನ ಯಾರು ಯಾವಾಗ ಬಳಸ್ತಾರೆ ಅಂತ ಬರ್ಕೊಳ್ಳಿ. ಒಂದು ವಾರದ ದಿನ, ಒಂದು ಭಾನುವಾರ ಸಾಕು. ಬೆಳಗ್ಗೆ ಐದೂವರೆಗೆ ವಾಕಿಂಗ್‌ನವ್ರು, ಆಮೇಲೆ ಯೋಗದವ್ರು, ಸಂಜೆ ಮಕ್ಕಳು, ಅವ್ರ ಹಿಂದೆ ಅಮ್ಮಂದಿರು, ಇವ್ರೆಲ್ಲಾ ಎಲ್ರ ಕಣ್ಣಿಗೂ ಬೀಳ್ತಾರೆ. ಕಣ್ಣಿಗೆ ಬೀಳದೇ ಇರೋರು ಮಧ್ಯಾಹ್ನದವ್ರು, ಯಾಕಂದ್ರೆ ಆ ಹೊತ್ತಲ್ಲಿ ಗೇಟಿಗೆ ಬೀಗ. ನಮ್ಮೂರು ಕಾಲೇಜುಗಳ ಊರು, ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಬಂದು ರೂಂ ಮಾಡ್ಕೊಂಡು ಕಾಂಪಿಟೇಟಿವ್ ಎಕ್ಸಾಮ್‌ಗೆ ಓದೋ ಹುಡುಗ್ರು ಹುಡುಗೀರು ಎಷ್ಟು ಜನ ಇದಾರೆ, ಅವ್ರಿಗೆ ಮಧ್ಯಾಹ್ನ ನೆರಳಲ್ಲಿ ಕೂತು ಓದೋ ಜಾಗ ಬೇಕು, ಡೆಲಿವರಿ ಹುಡುಗ್ರಿಗೆ ಒಂದರ್ಧ ಗಂಟೆ ಬೆನ್ನು ಒರಗಿಸೋ ಬೆಂಚು ಬೇಕು, ಸೊಪ್ಪು ಮಾರೋ ಅಮ್ಮನಿಗೆ ಬುತ್ತಿ ಬಿಚ್ಚೋ ಜಾಗ ಬೇಕು. "ಮಧ್ಯಾಹ್ನ ತೆಗೆದ್ರೆ ಪ್ರೇಮಿಗಳು ಬರ್ತಾರೆ" ಅಂತ ಮೀಟಿಂಗಲ್ಲಿ ಯಾರಾದ್ರೂ ಅಂದೇ ಅಂತಾರೆ. ಬರ್ಲಿ ಬಿಡಿ, ಅವ್ರೂ ಇದೇ ಊರಿನ ಮಕ್ಕಳಲ್ವಾ. ಜನ ಓಡಾಡೋ ಪಾರ್ಕಲ್ಲಿ ಕುಡುಕರು ಕೂರೋದು ಕಮ್ಮಿ, ಬೀಗ ಹಾಕಿದ ಪಾರ್ಕಿಗೆ ಅವ್ರೇ ಕಾಂಪೌಂಡ್ ಹಾರಿ ಬರೋದು. ಬರ್ಕೊಂಡ ಈ ಹಾಳೇನ ವಾರ್ಡ್ ಮೀಟಿಂಗಿಗೆ ಒಯ್ಯಿರಿ, ಹೆಂಗಸ್ರು ಎಷ್ಟೊತ್ತಿಗೆ ವಾಪಸ್ ಹೊರಡ್ತಾರೆ ಅನ್ನೋ ಸಾಲಿಂದ್ಲೇ ಲೈಟ್ ಎಲ್ಲಿ ಬೇಕು ಅಂತ ತೀರ್ಮಾನ ಆಗ್ಬಿಡತ್ತೆ.

ಈಗ ಎಸ್ಟಿಮೇಟ್. ಪಾಲಿಕೆ ಎಇ ಅಂದ್ರೆ ಸಹಾಯಕ ಇಂಜಿನಿಯರ್ ಹತ್ರ ನೇರ ಹೋಗಿ ಕೇಳಿ, ಒಳ್ಳೆಯವ್ರಾದ್ರೆ ಅಲ್ಲೇ ಜೆರಾಕ್ಸ್ ಮಾಡಿಸ್ಕೊಳ್ಳಿ ಅಂತಾರೆ. ಇಲ್ದಿದ್ರೆ ಆರ್‌ಟಿಐ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರ್ಬೇಕು. ಹಾಗಾಗಿ ಪೀಠಿಕೆ, ಬೇಸರ, ಉಪದೇಶ ಏನೂ ಬರೀಬೇಡಿ. "ಇಂಥ ಪಾರ್ಕಿನ ಇಂಥ ಕಾಮಗಾರಿಯ ಎಸ್ಟಿಮೇಟ್, ಡ್ರಾಯಿಂಗ್, ವರ್ಕ್ ಆರ್ಡರ್, ಅಳತೆ ಪುಸ್ತಕದ ಪ್ರತಿ ಕೊಡಿ" ಅಂದ್ರೆ ಮುಗೀತು. 30 ದಿನದಲ್ಲಿ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಬಹಳ ಜನಕ್ಕೆ ಗೊತ್ತಿಲ್ದಿರೋ ವಿಷಯ, ಇದೇ ಕಾಯ್ದೇಲಿ ಕಾಗದ ಮಾತ್ರ ಅಲ್ಲ, ಕೆಲಸದ ಜಾಗ ಪರಿಶೀಲನೆ ಮಾಡೋ ಹಕ್ಕು, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ತಗೊಳೋ ಹಕ್ಕೂ ಇದೆ.

ಎಸ್ಟಿಮೇಟ್ ಓದೋಕೆ ಇಂಜಿನಿಯರಿಂಗ್ ಬೇಡ, ಎರಡು ಬಣ್ಣದ ಪೆನ್ ಸಾಕು. ಕಾಂಪೌಂಡು, ಗ್ರಿಲ್, ಗೇಟು, ಆರ್ಚ್, ಟೈಲ್ಸ್, ಪೇಂಟ್, ಹೈಮಾಸ್ಟ್ ಅಂದ್ರೆ ಎತ್ತರದ ಕಂಬದ ದೀಪ ಇವಕ್ಕೆಲ್ಲಾ ಕೆಂಪು. ಮಣ್ಣು, ಗಿಡ, ನೀರಿನ ಪೈಪು, ಇಂಗುಗುಂಡಿ, ಬೆಂಚು, ಟಾಯ್ಲೆಟ್, ನಿರ್ವಹಣೆ ಇವಕ್ಕೆ ಹಸಿರು. ಎರಡೂ ಬೇರೆ ಬೇರೆ ಕೂಡಿಸಿ. ನಾನು ನೋಡಿದ ಎಸ್ಟಿಮೇಟ್‌ಗಳಲ್ಲಿ ಕೆಂಪು ಪುಟಗಟ್ಟಲೆ ಇರತ್ತೆ, ಹಸಿರು ಕೊನೇಲಿ ಎರಡು ಮೂರು ಸಾಲು, ಅದ್ರಲ್ಲಿ ಒಂದು ಲಾನ್. ಲಾನ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ, ಬೇಡವೇ ಬೇಡ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಮನೆ ನಲ್ಲಿಗೆ ಬರೋ ಊರಲ್ಲಿ, ಬೇಸಿಗೇಲಿ ಕುಡಿಯೋ ನೀರಿಗೇ ದಿನ ಎಣಿಸೋ ಊರಲ್ಲಿ, ಹುಲ್ಲಿಗೆ ದಿನಾ ನೀರು ಹಾಯಿಸಿ ಅದ್ರ ಮೇಲೆ "ಹುಲ್ಲಿನ ಮೇಲೆ ನಡೆಯಬೇಡಿ" ಅಂತ ಬೋರ್ಡ್ ಹಾಕೋದು ಯಾವ ಸೀಮೆ ಅಭಿವೃದ್ಧಿ. ಆ ದುಡ್ಡಲ್ಲಿ ಹೊಂಗೆ, ಬೇವು, ನೇರಳೆ, ಅತ್ತಿ ನೆಡಿ ಅನ್ನಿ. ಗುಂಡಿಗೆ ಕೆರೆ ಗೋಡು, ಕೊಟ್ಟಿಗೆ ಗೊಬ್ಬರ ಬೀಳಲಿ, ಬುಡದ ಸುತ್ತ ತೆಂಗಿನ ಮಟ್ಟೆ ಮಕಾಡೆ ಮಲಗಿಸಿ ಮುಚ್ಚಲಿ, ತಿಪಟೂರು ಗುಬ್ಬಿ ಪಕ್ಕದಲ್ಲಿಟ್ಕೊಂಡು ನಮಗೆ ಮಟ್ಟೆಗೆ ಬರವಾ, ತೇವ ವಾರಗಟ್ಟಲೆ ನಿಲ್ಲತ್ತೆ. ಮುಂಗಾರು ಶುರುವಲ್ಲೇ ನೆಟ್ರೆ ಸೆಪ್ಟೆಂಬರ್ ಅಕ್ಟೋಬರ್ ಮಳೆ ಹೊತ್ತಿಗೆ ಬೇರು ಹಿಡಿದಿರತ್ತೆ. ಬೇಗ ಹಸಿರಾಗತ್ತೆ ಅಂತ ಕೋನೋಕಾರ್ಪಸ್ ಅನ್ನೋ ಹೊರದೇಶದ ಗಿಡ ತರ್ತೀವಿ ಅಂದ್ರೆ ಒಪ್ಪಬೇಡಿ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನ ನೆಡೋದೇ ನಿಲ್ಲಿಸ್ತು.

ನೀರಿನ ಲೆಕ್ಕನೂ ಒಂದ್ಸಲ ಹಾಕಿ ತೋರಿಸಿ. ಒಂದು ಎಕರೆ ಪಾರ್ಕ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 40 ಸಾವಿರ ಲೀಟರ್, 5 ಸಾವಿರ ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಲೋಡು, ಪುಕ್ಕಟೆ. ಅದು ಒಳಗೆ ಇಂಗಬೇಕು ಅಂದ್ರೆ ವಾಕಿಂಗ್ ಪಾತ್ ಎತ್ತರದಲ್ಲಿ, ಮಣ್ಣಿನ ಪಾತಿ ತಗ್ಗಲ್ಲಿ ಇರ್ಬೇಕು. ಮಾಡೋದು ಉಲ್ಟಾ, ಪಾತಿಗೆ ಸುತ್ತ ಕಟ್ಟೆ ಕಟ್ಟಿ ಮಣ್ಣು ಗುಡ್ಡೆ ಹಾಕ್ತಾರೆ, ನೀರೆಲ್ಲಾ ಪಾತ್ ಮೇಲೆ ಹರಿದು ಗೇಟ್ ದಾಟಿ ಚರಂಡಿಗೆ. ಡ್ರಾಯಿಂಗಲ್ಲಿ ಲೆವೆಲ್ ಬರೆದಿರ್ತಾರೆ, ಎಇ ಸಾಹೇಬ್ರನ್ನ ಅದನ್ನೊಂದು ಓದಿ ಹೇಳಿ ಅಂತ ಕೇಳಿ.

ಕೆಲಸ ಶುರುವಾದ್ಮೇಲೆ ದಿನಾ ಹೋಗಿ ಮೇಸ್ತ್ರಿ ತಲೆ ತಿನ್ಬೇಡಿ, ಪಾಪ ಅವ್ನು ಹೇಳಿದ್ದು ಮಾಡ್ತಾನೆ. ಮೂರು ಹೊತ್ತಲ್ಲಿ ಮಾತ್ರ ತಪ್ಪದೇ ಹೋಗಿ. ಟೈಲ್ಸ್ ಹಾಕೋ ಮುಂಚೆ ಒಂದ್ಸಲ, ಕೆಳಗಿನ ನೆಲ ರೋಲರ್‌ನಲ್ಲೋ ಕಂಪ್ಯಾಕ್ಟರ್‌ನಲ್ಲೋ ಗಟ್ಟಿ ಮಾಡಿದಾರಾ ಅಂತ. ಹಿಮ್ಮಡಿ ಊರಿದ್ರೆ ಗುರುತು ಬೀಳ್ತಿದೆ ಅಂದ್ರೆ ಮುಂದಿನ ಮಳೆಗೆ ಆ ಜಾಗ ಕೂತ್ಕೊಳ್ಳತ್ತೆ. ಟೈಲ್ಸ್ ಬಂದಿಳಿದಾಗ ಒಂದ್ಸಲ, ಒಂದನ್ನ ಎತ್ತಿ ಸ್ಕೇಲ್ ಇಡಿ, ಎಸ್ಟಿಮೇಟಲ್ಲಿ 60 ಎಂಎಂ ಅಂತಿದ್ರೆ ಕೈಲೂ 60 ಇರ್ಬೇಕು, ಮೇಲಿನ ಬಣ್ಣದ ಪದರ ಉಗುರಲ್ಲಿ ಕೆರೆದ್ರೆ ಪುಡಿ ಉದುರಬಾರದು. ಸ್ಕೇಲ್ ಪಕ್ಕದಲ್ಲಿಟ್ಟೇ ಫೋಟೋ ತೆಗೀರಿ, ತಾರೀಕು ಬರೋ ಹಾಗೆ. ಮೂರನೇದು ಮರಗಳ ಹತ್ರ ಕಾಂಕ್ರೀಟ್ ಬರೋ ದಿನ. ಇದೊಂದು ದಿನ ರಜಾ ಹಾಕಿ ಬೇಕಾದ್ರೂ ನಿಂತ್ಕೊಳ್ಳಿ. ನಮ್ಮ ಪಾರ್ಕಲ್ಲಿ ದೊಡ್ಡ ಹೊಂಗೆಮರದ ಬುಡಕ್ಕೆ ತೊಗಟೆ ತನಕ ಕಾಂಕ್ರೀಟ್ ತುಂಬಿ ಮೇಲೆ ಗ್ರಾನೈಟ್ ಕಟ್ಟೆ ಮಾಡಿದ್ರು, ನೋಡೋಕೆ ಚೆಂದ, ಕೂತವ್ರೆಲ್ಲಾ ಹೊಗಳಿದ್ರು, ಎರಡ್ನೇ ಬೇಸಿಗೇಲಿ ತುದಿ ಕೊಂಬೆಗಳು ಒಣಗೋಕೆ ಶುರುವಾಯ್ತು. ಮರದ ಸುತ್ತ ಒಂದು ಮೀಟರ್ ಜಾಗ ಕಾಂಕ್ರೀಟ್ ಇಲ್ದೆ ಬಿಡಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿ ವಿಷಯದಲ್ಲಿ ಆದೇಶ ಮಾಡಿದೆ, ನಮ್ಮಲ್ಲೂ ಅದನ್ನೇ ಮುಂದಿಟ್ಟು ಕೇಳಿ. ಮರನೇ ಕಡೀತೀವಿ ಅಂದ್ರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಬೇಕು, ಮೊದಲು ಆ ಕಾಗದ ತೋರ್ಸಿ ಅನ್ನಿ.

ಗೇಟ್ ವಿಷಯ ಚಿಕ್ಕದಾಗಿ ಹೇಳ್ಬಿಡ್ತೀನಿ. ಬೈಕ್ ನುಗ್ಗಬಾರದು ಅಂತ ಸುತ್ತು ಬಳಸಿ ಹೋಗೋ ಕಬ್ಬಿಣದ ಗೇಟ್ ಇಡ್ತಾರೆ, ಅದ್ರಲ್ಲಿ ವ್ಹೀಲ್‌ಚೇರೂ ಹೋಗಲ್ಲ, ಮಗು ತಳ್ಳೋ ಗಾಡೀನೂ ಹೋಗಲ್ಲ. ಪಕ್ಕದಲ್ಲಿ ಇನ್ನೊಂದು ದಾರಿ ಇರ್ಲಿ, ರ‍್ಯಾಂಪ್ 1 ಅಡಿ ಏರೋಕೆ 12 ಅಡಿ ಉದ್ದ ಇರ್ಲಿ. ಓಪನ್ ಜಿಮ್ ಬಗ್ಗೆ ನಂಗೆ ಜಾಸ್ತಿ ತಕರಾರಿಲ್ಲ, ಗ್ರೀಸ್ ಹಾಕೋರು ಯಾರು ಅಂತ ಬರೆಸ್ಕೊಂಡು ಹಾಕಿಸ್ಕೊಳ್ಳಿ ಅಷ್ಟೆ. ಮಕ್ಕಳ ಜೋಕಾಲಿ ಕೆಳಗೆ ಟೈಲ್ಸ್ ಬೇಡ, ಮರಳು.

ಕೆಲಸ ಮುಗಿದು ರಿಬ್ಬನ್ ಕತ್ತರಿಸಿದ್ಮೇಲೆ ಎಲ್ರೂ ಸುಮ್ನಾಗ್ತಾರೆ, ಆಗ್ಲೇ ಒಂದು ತಾರೀಕು ನೆನಪಿಟ್ಕೋಬೇಕು. ಕಂಟ್ರಾಕ್ಟ್‌ನಲ್ಲಿ ಡಿಫೆಕ್ಟ್ ಲಯಬಿಲಿಟಿ ಅವಧಿ ಅಂತ ಇರತ್ತೆ, ಅಷ್ಟರೊಳಗೆ ಟೈಲ್ಸ್ ಕೂತ್ರೆ, ಗ್ರಿಲ್ ಕಳಚಿದ್ರೆ ಕಂಟ್ರಾಕ್ಟರೇ ತನ್ನ ಖರ್ಚಲ್ಲಿ ಸರಿ ಮಾಡಿಕೊಡ್ಬೇಕು, ಆ ಅವಧಿ ಎಷ್ಟು, ಯಾವತ್ತಿಗೆ ಮುಗಿಯತ್ತೆ ಅನ್ನೋದು ಕಂಟ್ರಾಕ್ಟ್ ಕಾಗದದಲ್ಲಿದೆ. ಮುಗಿಯೋಕೆ ಎರಡು ತಿಂಗಳು ಮುಂಚೆ, ಒಂದು ಒಳ್ಳೆ ಮಳೆ ಬಿದ್ದ ಮಾರನೇ ದಿನ, ನಾಲ್ಕು ಜನ ಪಾರ್ಕ್ ಸುತ್ತಿ ಎಲ್ಲೆಲ್ಲಿ ನೀರು ನಿಂತಿದೆ, ಯಾವ ಲೈಟ್ ಉರೀತಿಲ್ಲ, ಯಾವ ಗಿಡ ಸತ್ತಿದೆ ಅಂತ ಫೋಟೋ ಸಮೇತ ಪಟ್ಟಿ ಮಾಡಿ ಕಮಿಷನರ್ ಹೆಸರಿಗೆ ಅರ್ಜಿ ಕೊಡಿ, ಎರಡ್ನೇ ಪ್ರತಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಸೀಲ್ ಹಾಕ್ಸೋಕೆ ಹೋದವ್ರು ಹಾಗೇ ಪಾರ್ಕಿಗೆ ಮಾಲಿ ಯಾರು, ವಾರಕ್ಕೆ ಎಷ್ಟು ದಿನ ಬರ್ತಾರೆ, ಸಂಬಳ ಯಾವ ಲೆಕ್ಕದಿಂದ ಅಂತಾನೂ ಕೇಳ್ಕೊಂಡು ಬನ್ನಿ.