ಸ್ಟುಡಿಯೊ ಆಮೇಲೆ ಕಟ್ಟಬೇಕಿತ್ತು

ಕನ್ನಡದಲ್ಲಿ ದಿನವಿಡೀ ಸುದ್ದಿ ಕೊಡುವ ವಾಹಿನಿಯೊಂದನ್ನು ಸೊನ್ನೆಯಿಂದ ಕಟ್ಟಿದ ತಂಡದಲ್ಲಿ ನಾನೂ ಇದ್ದೆ. ಪತ್ರಿಕೆಗೆ ಹನ್ನೆರಡು ವರ್ಷ ಜಿಲ್ಲಾ ವರದಿಗಾರಿಕೆ ಮಾಡಿ ಹೋದವನು. ಹುದ್ದೆಯ ಹೆಸರು ಇನ್‌ಪುಟ್ ಮುಖ್ಯಸ್ಥ. ಹಾಗೆಂದರೆ ಏನು ಎಂದು ಮನೆಯಲ್ಲಿ ಕೇಳಿದಾಗ "ಸುದ್ದಿ ತರಿಸೋನು" ಅಂದಿದ್ದೆ. ಅದು ಎಷ್ಟು ಸರಿಯಾದ ಉತ್ತರ ಅಂತ ಆಮೇಲೆ ಗೊತ್ತಾಯಿತು.

2009ರ ಕೊನೆ, 2010ರ ಆರಂಭದ ದಿನಗಳವು. ಟಿವಿ9 ಕನ್ನಡ 2006ರಲ್ಲೇ ಬಂದಿತ್ತು, 2008ರಲ್ಲಿ ಸುವರ್ಣ ನ್ಯೂಸ್. ಅದಕ್ಕೂ ಮೊದಲು ಚಂದನ, ಉದಯದ ವಾರ್ತೆಗೆ ಗಡಿಯಾರ ನೋಡಿಕೊಂಡು ಕೂರುತ್ತಿದ್ದ ಜನಕ್ಕೆ ಯಾವಾಗ ಹಾಕಿದರೂ ಸುದ್ದಿ ಸಿಗುತ್ತದೆ ಎಂಬ ರುಚಿ ಹತ್ತಿದ್ದು 2007ರ ನವೆಂಬರ್‌ನಲ್ಲಿ ಅಂತ ನನ್ನ ಲೆಕ್ಕ. 12ಕ್ಕೆ ಪ್ರಮಾಣವಚನ ಮಾಡಿದ ಯಡಿಯೂರಪ್ಪನವರ ಸರ್ಕಾರ 19ಕ್ಕೆ ಇರಲಿಲ್ಲ. ಆ ಏಳು ದಿನ ಟೀ ಅಂಗಡಿಗಳಲ್ಲಿ ಕ್ರಿಕೆಟ್ ಹಾಕಿಸಿಕೊಂಡು ನೋಡುವ ಹಾಗೆ ಜನ ಸುದ್ದಿ ಹಾಕಿಸಿಕೊಂಡು ನೋಡಿದರು. ಅದನ್ನು ಕಂಡ ಮೇಲೆ ದುಡ್ಡಿದ್ದವರಿಗೆಲ್ಲ ಒಂದು ಚಾನೆಲ್ ಬೇಕೆನಿಸಿತು.

ಅನುಮತಿಯ ಕಥೆ ಉದ್ದ, ಆದರೆ ಸಪ್ಪೆ. ವಾರ್ತಾ ಮತ್ತು ಪ್ರಸಾರ ಇಲಾಖೆಯಲ್ಲಿ ಅರ್ಜಿ, ಗೃಹ ಇಲಾಖೆಯ ಭದ್ರತಾ ಒಪ್ಪಿಗೆ, ತರಂಗಾಂತರಕ್ಕೆ ಇನ್ನೊಂದು ಕಚೇರಿ. ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ಟೆಲಿಪೋರ್ಟ್ ನಮ್ಮದಲ್ಲ, ಬಾಡಿಗೆಯದು. ಸುದ್ದಿ ವಾಹಿನಿಗೆ ಕಂಪನಿಯ ನಿವ್ವಳ ಮೌಲ್ಯ ಆಗ 3 ಕೋಟಿ ಇದ್ದರೆ ಸಾಕಿತ್ತು. 2011ರಲ್ಲಿ ಕೇಂದ್ರ ಅದನ್ನು 20 ಕೋಟಿಗೆ ಏರಿಸಿತು. ಬಾಗಿಲು ಮುಚ್ಚುವ ಮುಂಚೆ ಒಳಗೆ ನುಸುಳಿದವರು ನಾವು.

ದುಡ್ಡು ಹೋದದ್ದು ಸ್ಟುಡಿಯೊಗೆ. ಗೋಡೆ ತುಂಬ ಪರದೆ, ಹೊಳೆಯುವ ನೆಲ, ಮೇಲಿಂದ ಇಳಿದು ಬರುವ ಕ್ಯಾಮೆರಾ. ನೋಡಲು ಬಂದವರಿಗೆ ತೋರಿಸಲು ಇದ್ದದ್ದು ಅದೊಂದೇ ತಾನೆ. ನಾನೂ ಬೇಡ ಅನ್ನಲಿಲ್ಲ. ಪತ್ರಿಕೆಯ ಮುರುಕು ಕುರ್ಚಿಯಿಂದ ಎದ್ದು ಹೋದವನಿಗೆ ಆ ಬೆಳಕು ಕಣ್ಣು ಕುಕ್ಕಿತ್ತು. ಚಾನೆಲ್ ನಿಂತಿರುವುದು ಎರಡು ತಂತಿಯ ಮೇಲೆ: ತಾಲ್ಲೂಕಿನಿಂದ ಸುದ್ದಿ ನಮ್ಮ ತನಕ ಬರುವ ದಾರಿ ಒಂದು, ನಮ್ಮಿಂದ ಮನೆಯ ಟೀವಿಗೆ ಹೋಗುವ ದಾರಿ ಇನ್ನೊಂದು. ಎರಡೂ ಅಂದಗೆಟ್ಟವು, ಯಾರನ್ನೂ ಕರೆದು ತೋರಿಸುವಂಥವಲ್ಲ.

ಮೊದಲ ಪೆಟ್ಟು ಬಿದ್ದದ್ದು ಮಾತ್ರ ಸ್ಟುಡಿಯೊದೊಳಗೇ, ಅಕ್ಷರದ ರೂಪದಲ್ಲಿ. ಗ್ರಾಫಿಕ್ಸ್ ಟೆಂಪ್ಲೇಟು ಮಾಡಿದವರು ಕನ್ನಡ ಓದುವವರಲ್ಲ. ಕೆಳಗಿನ ಸ್ಕ್ರೋಲ್ ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಅಳೆದಿದ್ದರು. ಕನ್ನಡದ ಒತ್ತಕ್ಷರ ಗೆರೆಯ ಕೆಳಗೆ ಜೋತುಬೀಳುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಮೊದಲ ಪರೀಕ್ಷೆಯ ದಿನ ಪರದೆಯಲ್ಲಿ "ಮುಖ್ಯಮಂತ್ರಿ" ಹೋಗಿ "ಮುಖಮಂತಿ" ಓಡಿದರು. "ಕಳ್ಳ" ಕಳ ಆದ, "ಪಕ್ಕದ ಹಳ್ಳಿ" ಪಕದ ಹಳಿ ಆಯಿತು. ಪಟ್ಟಿ ದೊಡ್ಡದು ಮಾಡಿ ಅಂದರೆ ಡಿಸೈನು ಕೆಡುತ್ತದೆ ಅಂದರು. ಅಕ್ಷರ ಚಿಕ್ಕದು ಮಾಡಿದೆವು, ಹದಿನಾಲ್ಕು ಇಂಚಿನ ಟೀವಿಯಲ್ಲಿ ಇರುವೆ ಸಾಲು ಹೋದ ಹಾಗೆ ಕಂಡಿತು. ಕೊನೆಗೆ ನಾನೊಂದು ಹಳೇ ಪೋರ್ಟಬಲ್ ಟೀವಿ ತಂದು ಡಿಸೈನಿನವರ ಮೇಜಿನ ಮೇಲಿಟ್ಟೆ. ಹತ್ತು ಅಡಿ ದೂರ ನಿಂತು ನನಗೆ ಓದಲಿಕ್ಕೆ ಬಂದರೆ ಮಾತ್ರ ಪಾಸು. ಪಟ್ಟಿ ದಪ್ಪವಾಯಿತು.

ಅದು ಮುಗಿಯಿತು ಅನ್ನುವಾಗ ಇನ್ನೊಂದು. ಡೆಸ್ಕಿನವರು ಟೈಪು ಮಾಡುವುದು "ನುಡಿ" ಸಾಫ್ಟ್‌ವೇರಿನಲ್ಲಿ, ಕೆಲವರು "ಬರಹ"ದಲ್ಲಿ. ಗ್ರಾಫಿಕ್ಸ್ ಯಂತ್ರಕ್ಕೆ ಬೇಕಾದದ್ದು ಯೂನಿಕೋಡ್ ಎಂಬ ಬೇರೆಯೇ ಅಕ್ಷರ ಸಂಕೇತ. ನಡುವೆ ಪರಿವರ್ತಿಸುವಾಗ ಅರ್ಕಾವೊತ್ತು ಎಲ್ಲಿ ಹಾರುತ್ತದೋ ಹೇಳಲಾಗದು. ಕಡೆಗೆ ಸ್ಕ್ರೋಲ್ ಬರೆಯುವ ಹುಡುಗರಿಗೆ ಅರ್ಕಾವೊತ್ತಿನ ಪದ ಸಿಕ್ಕರೆ ಬೇರೆ ಪದ ಹುಡುಕಿ ಅಂದಿದ್ದೂ ಉಂಟು. ಯಂತ್ರದ ದೋಷ ಹೇಗೋ ಸರಿಹೋಯಿತು. "ಅಕ್ರಮ ಮಧ್ಯ ಮಾರಾಟ" ಅಂತ ಮಹಾಪ್ರಾಣ ಸೇರಿಸುವುದು ಮಾತ್ರ ಇವತ್ತಿಗೂ ಯಾವ ಸಾಫ್ಟ್‌ವೇರಿನಿಂದಲೂ ನಿಂತಿಲ್ಲ.

ಇನ್ನು ನನ್ನ ತಂತಿ. ಆಗ ರಾಜ್ಯದಲ್ಲಿ 30 ಜಿಲ್ಲೆ, 176 ತಾಲ್ಲೂಕು. ಜಿಲ್ಲೆಗೊಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್ ಎಂದು ಹಾಕಿಕೊಂಡೆವು. ತಾಲ್ಲೂಕುಗಳಲ್ಲಿ ಸ್ಟ್ರಿಂಗರ್‌ಗಳು, ಸುದ್ದಿಗಿಷ್ಟು ಅಂತ ದುಡ್ಡು. ಮದುವೆ ವಿಡಿಯೊ ತೆಗೆಯುವವರು, ಸ್ಟುಡಿಯೊ ಇಟ್ಟುಕೊಂಡವರು, ಸ್ಥಳೀಯ ಕೇಬಲ್‌ನಲ್ಲಿ ಅರ್ಧ ಗಂಟೆ ಊರ ಸುದ್ದಿ ಮಾಡುತ್ತಿದ್ದವರು. ಪತ್ರಕರ್ತರನ್ನೇ ತೆಗೆದುಕೊಳ್ಳಿ ಅಂತ ಮೇಲಿನವರು ಹೇಳಿದರು, ನಾನು ಒಪ್ಪಲಿಲ್ಲ. ಬರೆಯುವುದನ್ನು ಡೆಸ್ಕಿನಲ್ಲಿ ತಿದ್ದಬಹುದು, ತೆಗೆಯದೇ ಬಿಟ್ಟ ದೃಶ್ಯವನ್ನು ಯಾರು ತಿದ್ದುತ್ತಾರೆ? ಮದುವೆ ವಿಡಿಯೊದವರದ್ದು ಒಂದೇ ಚಾಳಿ. ಕ್ಯಾಮೆರಾ ನಿಲ್ಲಿಸುವುದಿಲ್ಲ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸುಣ್ಣ ಬಳಿದ ಹಾಗೆ ಓಡಾಡಿಸುತ್ತಲೇ ಇರುತ್ತಾರೆ. ಅವರಿಗೆಲ್ಲ ಹೇಳಿಕೊಟ್ಟ ಪಾಠ ಒಂದೇ: ಚೌಕಟ್ಟು ಕಟ್ಟಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಅಲುಗಾಡಿಸಿ.

ತೆಗೆದ ಮೇಲೆ ಕಳಿಸಬೇಕಲ್ಲ. ಎಫ್‌ಟಿಪಿಯಲ್ಲಿ, ಅಂದರೆ ಇಂಟರ್ನೆಟ್ಟಿನ ಮೂಲಕ ಫೈಲು ಮಾಡಿ ಕಳಿಸಿ ಅಂತ ಸುಲಭವಾಗಿ ಹೇಳಿಬಿಟ್ಟಿದ್ದೆವು. ತಾಲ್ಲೂಕಿನ ಬ್ರಾಡ್‌ಬ್ಯಾಂಡ್‌ನಲ್ಲಿ ಮೇಲಕ್ಕೆ ಹೋಗುವ ವೇಗ 256 ಕಿಲೋಬಿಟ್ ಸಿಕ್ಕರೆ ಪುಣ್ಯ. ಎಷ್ಟೇ ಅದುಮಿದರೂ ಒಂದು ನಿಮಿಷದ ದೃಶ್ಯ ಬರಲಿಕ್ಕೆ ಎಂಟು ಹತ್ತು ನಿಮಿಷ ಬೇಕು. ತೊಂಬತ್ತು ಪರ್ಸೆಂಟ್ ಆದಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಹಾಗಾಗಿ ನಮ್ಮ ನಿಜವಾದ ಜಾಲ ಸಾರಿಗೆ ಬಸ್ಸು. ಟೇಪನ್ನು ಕವರಿಗೆ ಹಾಕಿ, ಬಸ್ಸಿನ ನಂಬರು ಬರೆದುಕೊಂಡು, ಕಂಡಕ್ಟರ ಕೈಗಿತ್ತು ಜಿಲ್ಲಾ ಕೇಂದ್ರಕ್ಕೆ ಫೋನ್ ಮಾಡುವುದು. ಅಲ್ಲಿನ ಹುಡುಗ ನಿಲ್ದಾಣದಲ್ಲಿ ಕಾದು ನಿಂತಿರುತ್ತಿದ್ದ. ನನ್ನ ಮೇಜಿನ ಗಾಜಿನಡಿ ರಾಜ್ಯದ ನಕ್ಷೆ ಇರಲಿಲ್ಲ, ಬಸ್ಸಿನ ವೇಳಾಪಟ್ಟಿ ಇತ್ತು. ಮೂರು ಗಂಟೆಯ ಬಸ್ಸು ತಪ್ಪಿದರೆ ಆ ತಾಲ್ಲೂಕು ಆರು ಗಂಟೆಯ ಬುಲೆಟಿನ್ನಿನಲ್ಲಿ ಇಲ್ಲ, ಅಷ್ಟೇ.

ಸ್ಥಳದಿಂದಲೇ ಉಪಗ್ರಹದ ಮೂಲಕ ಲೈವ್ ಕೊಡುವ ಓಬಿ ವ್ಯಾನ್ ಇತ್ತಲ್ಲ ಅನ್ನಬೇಡಿ. ಇದ್ದದ್ದು ಎರಡು. ಕೆಯು ಬ್ಯಾಂಡ್ ಎಂಬ ತರಂಗಾಂತರದ ವ್ಯಾನು ಮಳೆಗೆ ಹೆದರುತ್ತದೆ; ಜೋರು ಮಳೆ ಬಂತೆಂದರೆ ಸಿಗ್ನಲ್ ಕರಗಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆಗುಂಬೆಗೆ ಮಳೆ ತೋರಿಸಲು ವ್ಯಾನು ಕಳಿಸಿದ ಬುದ್ಧಿವಂತ ನಾನೇ. ಮಳೆ ಇದ್ದಷ್ಟು ಹೊತ್ತು ಲೈವ್ ಇರಲಿಲ್ಲ, ಲೈವ್ ಸಿಕ್ಕಾಗ ಮಳೆ ನಿಂತಿತ್ತು.

ಗಂಟೆಯನ್ನು ಹೇಗೆ ತುಂಬುವುದು ಎಂಬುದಕ್ಕೆ ನಾವು ಇಟ್ಟುಕೊಂಡದ್ದು ಚಕ್ರ. ಅರವತ್ತು ನಿಮಿಷದಲ್ಲಿ ಜಾಹೀರಾತಿಗೆ ನಿಯಮದ ಪ್ರಕಾರ ಹನ್ನೆರಡು, ಉಳಿದದ್ದು ನಲವತ್ತೆಂಟು. ಗಂಟೆಗೆ ಸರಿಯಾಗಿ ಮುಖ್ಯಾಂಶ, ಅರ್ಧಕ್ಕೆ ಜಿಲ್ಲೆ, ನಡುವೆ ಒಂದು ವಿಷಯದ ಮೇಲೆ ಮಾತು. ಕಾಗದದ ಮೇಲೆ ಬಲು ಚೆಂದ. ಬೆಳಿಗ್ಗೆಗೆ ನಾನು ತರಕಾರಿ ದರ, ಜಲಾಶಯದ ಮಟ್ಟ, ಬಸ್ಸು ರೈಲು ಅಂತ ಬರೆದಿದ್ದೆ. ಆ ಜಾಗದಲ್ಲಿ ಜ್ಯೋತಿಷಿಯೊಬ್ಬರು ಬಂದು ಕೂತರು. ಜಾಗಕ್ಕೆ ದುಡ್ಡು ಕೊಟ್ಟು ಕೂರುವವರು ಅವರೇ, ತರಕಾರಿ ದರ ಯಾರಿಗೂ ದುಡ್ಡು ಕೊಡುವುದಿಲ್ಲ. ಜಗಳ ಆಡಿದೆ, ಸೋತೆ. ಜಲಾಶಯದ ಮಟ್ಟವನ್ನು ಮಾತ್ರ ಸ್ಕ್ರೋಲಿನಲ್ಲಿ ಉಳಿಸಿಕೊಂಡೆ. ಕೃಷ್ಣಾ ತೀರದ ರೈತರು ಫೋನು ಮಾಡಿ ಆಲಮಟ್ಟಿದು ಇನ್ನೂ ನಿನ್ನೆದೇ ಓಡ್ತಿದೆ ಅಂತ ಬೈಯುತ್ತಿದ್ದರು. ನಮ್ಮನ್ನು ಯಾರೋ ನಿಜವಾಗಿ ನೋಡುತ್ತಿದ್ದಾರೆ ಅನ್ನುವುದಕ್ಕೆ ಆ ಬೈಗುಳಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಗಲಿಲ್ಲ.

ಅದು ಪ್ರಸಾರ ಶುರುವಾದ ಮೇಲಿನ ಮಾತು. ಅದಕ್ಕೂ ಮೊದಲು ಡ್ರೈ ರನ್. ಎಲ್ಲವೂ ನಿಜದಂತೆಯೇ ನಡೆಯುತ್ತದೆ, ಬುಲೆಟಿನ್ ಓದುತ್ತಾರೆ, ಸುದ್ದಿಗಳ ಸರದಿ ಪಟ್ಟಿಯಾದ ರನ್‌ಡೌನ್ ಓಡುತ್ತದೆ. ಸಿಗ್ನಲ್ ಮಾತ್ರ ಕಟ್ಟಡ ಬಿಟ್ಟು ಹೊರಗೆ ಹೋಗುವುದಿಲ್ಲ. 2010ರ ಮೇ 22, ಶನಿವಾರ ನಾವು ಆ ಹಂತದಲ್ಲಿದ್ದೆವು. ರಾತ್ರಿ ಪಾಳಿಯ ಗೊಂದಲ ಬಗೆಹರಿಸಲು ನಾನು ಕಚೇರಿಯಲ್ಲೇ ಉಳಿದಿದ್ದೆ. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಮಂಗಳೂರಿನ ವರದಿಗಾರನ ಫೋನು.

"ಸರ್, ಬಜ್ಪೆಯಲ್ಲಿ ವಿಮಾನ ಬಿದ್ದಿದೆಯಂತೆ. ನಾನು ಬೈಕಲ್ಲಿ ಹೊರಟೆ."

ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತ್ತು. ಇದ್ದದ್ದು 166 ಮಂದಿ, ಉಳಿದದ್ದು ಎಂಟು. ಆ ಲೆಕ್ಕ ಸಿಗಲಿಕ್ಕೆ ಇನ್ನೂ ಎಷ್ಟೋ ಹೊತ್ತಿತ್ತು.

ನಾನು ಕಾರ್ಯಕ್ರಮ ನಡೆಸುವ ನಿಯಂತ್ರಣ ಕೋಣೆ ಪಿಸಿಆರ್‌ಗೆ ಓಡಿದೆ. ಒಳಗೆ ಯಾರೂ ಇಲ್ಲ. ಸ್ಟುಡಿಯೊಗೆ ಬೀಗ, ಕೀಲಿ ಎಂಟಕ್ಕೆ ಬರುವವರ ಹತ್ತಿರ. ಮೇಕಪ್ಪಿನವರು ಏಳೂವರೆಗೆ. ಆ್ಯಂಕರ್ ಹುಡುಗಿಯನ್ನು ಕರೆತರುವ ಕ್ಯಾಬು ಇನ್ನೂ ಹೊರಟಿಲ್ಲ. ಡೆಸ್ಕಿನಲ್ಲಿ ತರಬೇತಿಯ ಹುಡುಗನೊಬ್ಬ, ಪ್ರಸಾರದ ಮುಖ್ಯ ನಿಯಂತ್ರಣ ಕೋಣೆ ಎಂಸಿಆರ್‌ನಲ್ಲಿ ತೂಕಡಿಸುತ್ತಿದ್ದ ಆಪರೇಟರ್ ಒಬ್ಬ. ಕೋಟಿ ಸುರಿದ ಪರದೆಯ ಗೋಡೆ ಕತ್ತಲಲ್ಲಿ ಇತ್ತು. ಕೊನೆಗೆ ಕೆಲಸ ಮಾಡಿದ್ದು ಇಷ್ಟು: ಒಂದು ಟೆಲಿಫೋನು, ದಕ್ಷಿಣ ಕನ್ನಡದ ನಕ್ಷೆ, ತರಬೇತಿ ಹುಡುಗನ ಧ್ವನಿ. ವರದಿಗಾರ ಏದುಸಿರು ಬಿಡುತ್ತ ಹೇಳಿದ್ದನ್ನು ಹಾಗೇ ಹಾಕಿದೆವು, ನಮ್ಮದೇ ಕಟ್ಟಡದ ನಾಲ್ಕು ಟೀವಿಗೆ. ಪಕ್ಕದ ಟೀವಿಗಳಲ್ಲಿ ಬೇರೆ ವಾಹಿನಿಗಳು ಲೋಕಕ್ಕೆಲ್ಲ ತೋರಿಸುತ್ತಿದ್ದವು. ಹತ್ತು ಗಂಟೆಯ ಹೊತ್ತಿಗೆ ನಮ್ಮ ನಂಬರು ಅದು ಹೇಗೋ ಸಿಕ್ಕು ಕಾಸರಗೋಡಿನಿಂದ ಯಾರೋ ಫೋನು ಮಾಡಿ, ಪ್ರಯಾಣಿಕರ ಪಟ್ಟಿಯಲ್ಲಿ ಒಂದು ಹೆಸರಿದೆಯೇ ನೋಡಿ ಎಂದು ಕೇಳಿದರು. ಪಟ್ಟಿ ನಮ್ಮ ಕೈಯಲ್ಲಿರಲಿಲ್ಲ. ನಾವಿನ್ನೂ ಪ್ರಸಾರದಲ್ಲೇ ಇಲ್ಲ ಅಂತ ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ.

ಆ ಮಧ್ಯಾಹ್ನ ಕೂತು ಲೆಕ್ಕ ಹಾಕಿದೆ. ಮೂರು ಪಾಳಿ, ಆದ್ದರಿಂದ ಒಂದು ಕುರ್ಚಿಗೆ ಮೂವರು ಅಂತ ಬಜೆಟ್ಟಿನಲ್ಲಿ ಬರೆದವನು ನಾನೇ. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ಎಂಟೆಂಟು ಗಂಟೆ, ಆರು ದಿನ ದುಡಿದರೆ 48. ಭಾಗಿಸಿದರೆ ಮೂರೂವರೆ. ಜ್ವರ, ಬಾಣಂತನ, ಊರ ಜಾತ್ರೆ, ರಜೆ ಸೇರಿಸಿದರೆ ಐದು. ಇದು ಒಂದು ಕುರ್ಚಿಯ ಲೆಕ್ಕ. ಅಂಥ ಕುರ್ಚಿ ಎಷ್ಟಿವೆಯೋ ಅಷ್ಟಕ್ಕೆ ಗುಣಿಸಿಕೊಳ್ಳಿ. ಇಲ್ಲದ ನಾಲ್ಕನೆಯವ, ಐದನೆಯವ ಸದಾ ರಾತ್ರಿ ಪಾಳಿಯಲ್ಲೇ ಇಲ್ಲದೇ ಹೋಗುತ್ತಾನೆ. ಯಾವ ಮುಖ್ಯಸ್ಥನೂ ಹಗಲಿನ ಕುರ್ಚಿ ಖಾಲಿ ಬಿಡುವುದಿಲ್ಲ. ಮರುದಿನದಿಂದ ಸ್ಟುಡಿಯೊದ ಬೀಗ ತೆಗೆಸಿ ಬಿಸಾಡಿಸಿದೆ. ಬೆಳಗಿನ ನಾಲ್ಕಕ್ಕೆ ಒಬ್ಬ ಆ್ಯಂಕರ್, ಮೇಕಪ್ ಇರಲಿ ಬಿಡಲಿ. ಹೆಚ್ಚುವರಿ ಜನಕ್ಕೆ ದುಡ್ಡು ಸಿಕ್ಕಿದ್ದು ಎರಡನೇ ಸ್ಟುಡಿಯೊದ ಯೋಜನೆ ಕೈಬಿಟ್ಟ ಮೇಲೆ.

ಎರಡನೆಯ ತಂತಿ ನನ್ನ ಕೆಲಸವಾಗಿರಲಿಲ್ಲ, ಆದರೂ ಹೇಳಬೇಕು. ಆಗ ಕೇಬಲ್ ಅನಲಾಗ್. ತಂತಿಯೊಳಗೆ ಜಾಗ ನೂರರ ಆಸುಪಾಸು, ದೇಶದಲ್ಲಿ ವಾಹಿನಿ ಐನೂರರ ಮೇಲೆ. ಆ ಜಾಗದಲ್ಲೂ ಪ್ರೈಮ್ ಬ್ಯಾಂಡ್ ಅಂದರೆ ಮುಂದಿನ ಸೀಟು. ಹಿಂದಿನ ಸೀಟಾದ ಎಸ್ ಬ್ಯಾಂಡ್, ಅದರಾಚೆಗಿನದ್ದು ಹಳೇ ಟೀವಿಗೆ ಹತ್ತುತ್ತಲೇ ಇರಲಿಲ್ಲ. ಮುಂದಿನ ಸೀಟಿಗೆ ವಾಹಿನಿಯೇ ಕೇಬಲ್‌ನವರಿಗೆ ಕೊಡಬೇಕಾದ ಕ್ಯಾರಿಯೇಜ್ ಶುಲ್ಕ, ಅದಕ್ಕೆ ಆಗ ಮೇಲ್ಮಿತಿ ಅಂತ ಏನಿರಲಿಲ್ಲ. ವರ್ಷದ ಕೊನೆಗೆ ನೋಡಿದರೆ ಸುದ್ದಿ ತರಿಸಲು ಮಾಡಿದ ಖರ್ಚಿಗಿಂತ ಸುದ್ದಿ ತಲುಪಿಸಲು ಕೊಟ್ಟದ್ದೇ ಹೆಚ್ಚು. ಮನೆಯಲ್ಲಿ ಯಾರು ಯಾವ ವಾಹಿನಿ ನೋಡುತ್ತಾರೆಂದು ಅಳೆಯುವ ರೇಟಿಂಗಿನ ಪೀಪಲ್ ಮೀಟರು ಆಗ ಹಳ್ಳಿಗಳಲ್ಲಿ ಇರಲಿಲ್ಲ, ಹೀಗಾಗಿ ದುಡ್ಡೆಲ್ಲ ಮೀಟರಿರುವ ಊರುಗಳ ಕೇಬಲ್ಲಿಗೆ ಹೋಯಿತು. ನನ್ನ ಸ್ಟ್ರಿಂಗರ್‌ಗಳು ಬಸ್ಸಿನಲ್ಲಿ ಟೇಪು ಕಳಿಸುತ್ತಿದ್ದ ಎಷ್ಟೋ ಊರುಗಳಲ್ಲಿ ಅವರದೇ ಸುದ್ದಿ ಅವರಿಗೆ ಕಾಣುತ್ತಿರಲಿಲ್ಲ. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವಿನೊಂದಿಗೆ ಸೆಟ್‌ಟಾಪ್ ಬಾಕ್ಸ್ ಬಂತು, ಹಳ್ಳಿಗಳ ಗಡುವು ಮುಗಿಯಲು 2017 ಆಯಿತು. 2015ರಲ್ಲಿ ರೇಟಿಂಗಿನ ಹೊಸ ಸಂಸ್ಥೆ ಬಾರ್ಕ್ ಬಂದು ಹಳ್ಳಿಯ ಲೆಕ್ಕವನ್ನೂ ಹಿಡಿದ ಮೇಲೆ ನಮ್ಮವರಿಗೆ ಇದ್ದಕ್ಕಿದ್ದಂತೆ ರೈತರ ಮೇಲೆ ಪ್ರೀತಿ ಉಕ್ಕಿತು.

ಪ್ರಸಾರ ಶುರುವಾದ ವಾರ ನಾನು ಧಾರವಾಡ ಕಡೆಯ ಒಂದು ತಾಲ್ಲೂಕಿಗೆ ಹೋಗಿದ್ದೆ. ಅಲ್ಲಿನ ಸ್ಟ್ರಿಂಗರ್ ಸೀದಾ ಕೇಬಲ್ ಆಪರೇಟರ ಕೋಣೆಗೆ ಕರೆದೊಯ್ದ. ತಾರಸಿಯ ಮೇಲೆ ಡಿಶ್ಶುಗಳು, ಒಳಗೆ ಬಿಸಿಯಾಗಿ ಗುಂಯ್‌ಗುಡುವ ರಿಸೀವರ್‌ಗಳ ಸಾಲು, ಪ್ರತಿಯೊಂದಕ್ಕೂ ಬಿಳಿ ಟೇಪಿನಲ್ಲಿ ಹೆಸರು. ನಮ್ಮದಕ್ಕೆ ಹೆಸರು ಅಂಟಿಸಿರಲಿಲ್ಲ.

"ನಿಮ್ಮದು ಐತ್ರಿ ಸರ, ಇಲ್ಲೇ ಕೆಳಗ. ಹೊಸಾ ಟೀವಿ ಇದ್ದವ್ರಿಗೆ ಅಷ್ಟ ಬರ್ತೈತಿ," ಅಂದರು ಆಪರೇಟರು.

"ಮ್ಯಾಲೆ ಹಾಕ್ರಿ ಅಣ್ಣಾರ," ಅಂದ ನಮ್ಮ ಹುಡುಗ, "ಸಂಜೀಕ ನಮ್ಮೂರ ಕೆರೀದು ಬರೂದೈತಿ."

ಆಪರೇಟರು ನನ್ನ ಮುಖ ನೋಡಿದರು. ಶುಲ್ಕದ ಮಾತೆತ್ತುತ್ತಾರೆ ಅಂದುಕೊಂಡೆ.

"ಯಾವ ಕೆರಿ, ದೊಡ್ಡ ಕೆರೀದಾ? ಒಡ್ಡು ಒಡದದ್ದು?"

"ಹೌದ್ರಿ, ಅದ."

ಅವರು ಎದ್ದು ಯಾವುದೋ ಸಿನಿಮಾ ವಾಹಿನಿಯ ವೈರು ಕಿತ್ತು ನಮ್ಮದನ್ನು ಅಲ್ಲಿಗೆ ಚುಚ್ಚಿದರು. ಮೂಲೆಯ ಸಣ್ಣ ಟೀವಿಯಲ್ಲಿ ಸ್ವಲ್ಪ ಹೊತ್ತು ಬರೀ ಚುಕ್ಕೆ, ಆಮೇಲೆ ನಮ್ಮ ಸ್ಕ್ರೋಲು. ಒತ್ತಕ್ಷರಗಳೆಲ್ಲ ಇದ್ದವು. "ಇವತ್ತೊಂದಿನ ಅಷ್ಟ ನೋಡ್ರಿ," ಅಂದರು, "ನಾಳೆ ಇದನ್ನ ಕೆಳಗ ಹಾಕ್ತೀನಿ."