ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ: ಲೆಕ್ಕ, ಕಾಗದ, ಮಳೆಗಾಲ

ಶಿವಮೊಗ್ಗದಲ್ಲಿ ಹೂಡಿಕೆಗೆಂದು ಮನೆ ಹುಡುಕುವವರು ಮೊದಲು ಏರಿಯಾ ನೋಡುತ್ತಾರೆ, ಆಮೇಲೆ ಮನೆ, ಕೊನೆಗೆ ಕಾಗದಪತ್ರ. ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ ‘ಮುಂದೆ ರೇಟು ಏರುತ್ತೆ’ ಎಂಬ ಮಾತೊಂದನ್ನೇ ನಂಬಿ ಅಡ್ವಾನ್ಸ್ ಕೊಡುವವರಿದ್ದಾರೆ. ಈ ಕ್ರಮ ತಿರುಗಬೇಕು. ಮೊದಲು ಬಾಡಿಗೆ ಲೆಕ್ಕ, ನಂತರ ಜಮೀನಿನ ಮೂಲ, ಆಮೇಲೆ ಮಳೆ ಸುರಿಯುವಾಗ ಮನೆ. ಈ ಮೂರು ಮುಗಿಯುವವರೆಗೆ ಟೋಕನ್ ಹಣವನ್ನೂ ಕೊಡಬೇಡಿ.

ಕೈಗೆ ಉಳಿಯುವುದೆಷ್ಟು?

ಕೆಳಗೊಂದು, ಮೇಲೊಂದು ಪೋರ್ಷನ್ ಇರುವ ಮನೆಗೆ 60 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5. ಸೆಸ್, ಸರ್‌ಚಾರ್ಜ್ ಸೇರಿದರೆ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎರಡೂ ಸೇರಿ 4.56 ಲಕ್ಷ. ಅಲ್ಲಿಗೆ ಮನೆ ಬಿದ್ದದ್ದು 64.56 ಲಕ್ಷಕ್ಕೆ, ವಕೀಲರ ಫೀಸು, ಬ್ರೋಕರ್ ಕಮಿಷನ್ ಇನ್ನೂ ಬೇರೆ. ಸರ್ಕಾರದ ಮಾರ್ಗಸೂಚಿ ದರ ನಿಮ್ಮ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಆ ದರದ ಮೇಲೆ ಬೀಳುತ್ತದೆ.

ಎರಡೂ ಪೋರ್ಷನ್‌ಗಳಿಂದ ತಿಂಗಳಿಗೆ 19,000 ಬಾಡಿಗೆ ಬಂದರೆ ವರ್ಷಕ್ಕೆ 2,28,000. ವರ್ಷದಲ್ಲಿ ಒಂದು ತಿಂಗಳು ಖಾಲಿ ಬೀಳುತ್ತದೆ ಎಂದು ಹಿಡಿಯಿರಿ: 19,000 ಹೋಯಿತು. ಕಂದಾಯಕ್ಕೆ 8,000, ಬಣ್ಣ ಮತ್ತು ರಿಪೇರಿಗೆ 30,000 ಎತ್ತಿಡಿ. ಉಳಿದದ್ದು 1,71,000. ಹಾಕಿದ ಹಣಕ್ಕೆ ಇದು ಸುಮಾರು ಶೇ 2.65. ರಿಪೇರಿಯ ಬಾಬ್ತನ್ನು ಕಡಿಮೆ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಮಲೆನಾಡಿನ ಮಳೆಯಲ್ಲಿ ಆ ಉಳಿತಾಯ ನಿಲ್ಲುವುದಿಲ್ಲ.

ಸಾಲ ಮಾಡಿದರೆ ಚಿತ್ರ ಇನ್ನೂ ಬಿಗಿ. 40 ಲಕ್ಷಕ್ಕೆ ಶೇ 8.5 ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 34,700. ಪೂರ್ತಿ ಬಾಡಿಗೆ ಬಂದರೂ ಹದಿನೈದು ಸಾವಿರಕ್ಕೂ ಹೆಚ್ಚು ಹಣ ಪ್ರತಿ ತಿಂಗಳು ನಿಮ್ಮ ಸಂಬಳದಿಂದ ಹೋಗಬೇಕು. ಅದನ್ನು ಎಷ್ಟು ವರ್ಷ ತಡೆಯಬಲ್ಲಿರಿ ಎಂಬುದು ಗೊತ್ತಾಗದೆ ಮುಂದಿನ ಹೆಜ್ಜೆ ಬೇಡ. ಬೆಲೆ ಏರಿದಾಗ ಮಾರಿ ಸರಿದೂಗಿಸುತ್ತೇನೆ ಎನ್ನುವುದಾದರೆ, ಮಾರಲು ಆಗುವಂಥ ಕಾಗದ ಇರಬೇಕು.

ಜಮೀನಿನ ಮೂಲ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೇ. ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ‘ಸೂಡಾ’, ಹಂಚಿದ ನಿವೇಶನವಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರ ಕೇಳಿ. ಖಾಸಗಿ ಲೇಔಟ್ ಆದರೆ ಭೂಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ನಿವೇಶನ ಬಿಡುಗಡೆ ಆದೇಶ ಮೂರೂ ಬೇಕು. ಭೂಪರಿವರ್ತನೆ ಒಂದೇ ಇದ್ದರೆ ಸಾಲದು: ಜಮೀನು ಕೃಷಿಯೇತರವಾಯಿತು ಅಷ್ಟೇ, ಅದರಲ್ಲಿ ಸೈಟು ಮಾಡಲು ಒಪ್ಪಿಗೆ ಸಿಕ್ಕಿದೆ ಎಂದಲ್ಲ. ಎರಡೂ ಇಲ್ಲದ ರೆವೆನ್ಯೂ ಸೈಟು ಅಗ್ಗವಾಗಿ ಸಿಗುತ್ತದೆ, ನಿಜ. ಆದರೆ ಅದಕ್ಕೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ನಾಳೆ ನೀವು ಮಾರುವಾಗ ಕೊಳ್ಳಲು ಬರುವವನಿಗೂ ಅದೇ ಕಷ್ಟ, ಹಾಗಾಗಿ ಗಿರಾಕಿಗಳೇ ಕಡಿಮೆ. ಬಿ-ಖಾತಾ ಇದೆಯಲ್ಲ ಎಂದು ಬ್ರೋಕರ್ ಸಮಾಧಾನ ಹೇಳಬಹುದು. ಬಿ-ಖಾತಾ ಕಂದಾಯ ಕಟ್ಟಿಸಿಕೊಳ್ಳುವ ದಾಖಲೆ. ಅದರಿಂದ ಅನಧಿಕೃತ ಲೇಔಟ್ ಅಧಿಕೃತವಾಗುವುದಿಲ್ಲ. ನಗರದಂಚಿನ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇವೆಯೇ ನೋಡಿ. ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11ಬಿ ಕೈಗೆ ಬಂದರೆ ಏಕೆ ಎಂದು ಪಂಚಾಯಿತಿಯಲ್ಲೇ ಕೇಳಿ.

ಋಣಭಾರ ಪತ್ರವನ್ನು (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಪಡೆಯಬಹುದು. ಆದರೆ 2004ಕ್ಕೂ ಹಿಂದಿನ ವರ್ಷಗಳಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಅರ್ಜಿ ಹಾಕಬೇಕಾಗುತ್ತದೆ. 30 ವರ್ಷದ್ದು ತೆಗೆಸಿ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಬರದೆ ಹೋಗಬಹುದು.

ಮಲೆನಾಡಿನಲ್ಲಿ ಇನ್ನೂ ಒಂದು ಪದರ ಕೆದಕಬೇಕು: ಈ ಸರ್ವೆ ನಂಬರು ಎಂದಾದರೂ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತೇ? ದರಖಾಸ್ತು (ಅರ್ಜಿ ಹಾಕಿ ಪಡೆದ), ಬಗರ್‌ಹುಕುಂ (ಅನುಮತಿಯಿಲ್ಲದ ಸಾಗುವಳಿ ಸಕ್ರಮವಾದ) ಜಮೀನುಗಳಿಗೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯವೇ ಅಸಿಂಧು. ಜಮೀನು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಮರಳುತ್ತದೆ. ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಪರಿಶಿಷ್ಟರ ಕೈಯಿಂದ ನೆಲ ಜಾರಬಾರದೆಂದು ಮಾಡಿದ ಕಾನೂನು ಇದು. ‘ಹೇಗೋ ಆಗುತ್ತೆ’ ಎಂದು ದಾಟಲು ನೋಡಬೇಡಿ. ಹಳೆಯ ಪಹಣಿ, ಮ್ಯುಟೇಷನ್ ಪ್ರತಿ, ಮಂಜೂರಾತಿ ಕಡತ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಂಸ್ಟೇಗೆಂದು ಜಾಗ ನೋಡುವವರು ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಶರಾವತಿ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಮೀನುಗಳ ಬಗ್ಗೆ ಅರಣ್ಯ ಇಲಾಖೆಯಲ್ಲೂ ವಿಚಾರಿಸಲೇಬೇಕು.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು; ತಿದ್ದುಪಡಿಯ ದಿನ ತಂದೆ ಬದುಕಿರದಿದ್ದರೂ ಹಕ್ಕಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಇಲ್ಲದ ಕ್ರಯಪತ್ರ ಮುಂದೆ ದಾವೆಗೆ ದಾರಿ.

ಮಳೆಯಲ್ಲಿ ಮನೆ ನೋಡಿ

ಬೇಸಿಗೆಯಲ್ಲಿ ಹೊಸ ಬಣ್ಣ ಬಳಿದ ಮನೆ ಎಲ್ಲವನ್ನೂ ಮುಚ್ಚಿಡುತ್ತದೆ. ಜುಲೈನಲ್ಲಿ, ಎರಡು ದಿನ ಬಿಡದೆ ಸುರಿದ ಮೇಲೆ ಹೋಗಿ. ರಸ್ತೆಯ ನೀರು ಯಾವ ಕಡೆ ಹರಿಯುತ್ತದೆ, ಚರಂಡಿ ಎಲ್ಲಿ ಕಟ್ಟುತ್ತದೆ ನೋಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು; ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದವರನ್ನು ಕೇಳಿದರೆ ಗೋಡೆ ತೋರಿಸಿ ಹೇಳುತ್ತಾರೆ.

ಗಾಳಿಮಳೆ ಬಡಿಯುವುದು ನೈಋತ್ಯದಿಂದ. ಆ ಬದಿಯ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ತೇವ ನೋಡಿ, ಕೀಲಿಕೈಯಿಂದ ಗಾರೆ ತಟ್ಟಿ; ಪೊಳ್ಳು ಸದ್ದು ಬಂದರೆ ಗಾರೆ ಬಿಟ್ಟಿದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಉಪ್ಪು ಮೂಡಿದ್ದರೆ ತೇವ ತಳಪಾಯದಿಂದ ಏರುತ್ತಿದೆ. ಅದಕ್ಕೆ ಬಣ್ಣ ಮದ್ದಲ್ಲ. ತಾರಸಿಯ ಇಳಿಜಾರು 10 ಅಡಿಗೆ ಕನಿಷ್ಠ ಒಂದೂಕಾಲು ಇಂಚು ಇರಬೇಕು, ಇಲ್ಲದಿದ್ದರೆ ನೀರು ನಿಂತು ಸ್ಲ್ಯಾಬಿನ ಕಂಬಿಗೆ ತುಕ್ಕು ಹಿಡಿಯುತ್ತದೆ. ತಾರಸಿಯ ಮೇಲೆ ಶೀಟು ಹೊದಿಸಿದ್ದರೆ ಒಳ್ಳೆಯದೇ, ಆದರೆ ಕೆಳಗಿನ ಸ್ಲ್ಯಾಬ್ ಸೋರುತ್ತಿದ್ದಕ್ಕೇ ಹೊದಿಸಿದರೇ ಎಂದು ಹತ್ತಿ ನೋಡಿ. ಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ. ಸಲೀಸಾಗಿ ಇಳಿದರೆ ಗೆದ್ದಲು ಹಿಡಿದಿದೆ, ಇಲ್ಲವೇ ಮರ ಕೊಳೆತಿದೆ.

ಗುಡ್ಡ ಕಡಿದು ಮಾಡಿದ ಸೈಟಾದರೆ ಹಿಂದಿನ ಧರೆ ನೋಡಿ. ತಡೆಗೋಡೆಯಲ್ಲಿ ನೀರು ಹೊರಬರಲು ಪೈಪುಗಳಿಲ್ಲದಿದ್ದರೆ, ಇದ್ದೂ ಮಣ್ಣು ಕಟ್ಟಿದ್ದರೆ, ಒಳಗೆ ನೀರು ತುಂಬಿ ಗೋಡೆಯನ್ನೇ ದೂಡುತ್ತದೆ.

ಹಣ ಕೊಡುವಾಗ, ಬಾಡಿಗೆಗೆ ಬಿಡುವಾಗ

ಹೊಸ ಪ್ರಾಜೆಕ್ಟ್‌ನ ಜಾಗ 500 ಚದರ ಮೀಟರ್‌ಗಿಂತ ದೊಡ್ಡದಾಗಿ, ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ತೆರಿಗೆ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ಮೊದಲು ಲೆಕ್ಕ ಹಾಕಿದ 60 ಲಕ್ಷದ ಮನೆಗೆ 60,000. ಮಾರುವವರು ಅನಿವಾಸಿಯಾದರೆ ನಿಯಮವೇ ಬೇರೆ, ಕಡಿತವೂ ಹೆಚ್ಚು.

ಪ್ರತಿ ಪೋರ್ಷನ್‌ಗೂ ಪ್ರತ್ಯೇಕ ಮೆಸ್ಕಾಂ ಮೀಟರ್ ಹಾಕಿಸಿ, ನೀರೆತ್ತುವ ಮೋಟರ್ ಬಿಲ್ ಯಾರದೆಂದು ಕರಾರಿನಲ್ಲಿ ಬರೆಯಿರಿ. ಬಾಡಿಗೆ ಮನೆಗಳ ಜಗಳ ಶುರುವಾಗುವುದು ಇಲ್ಲೇ. ಕಾಲೇಜು ಹುಡುಗರನ್ನು ನೆಚ್ಚಿದ ಏರಿಯಾದಲ್ಲಿ ರಜೆಯ ತಿಂಗಳುಗಳನ್ನು ಖಾಲಿ ಲೆಕ್ಕಕ್ಕೆ ಹಿಡಿಯಿರಿ.

ಎರಡು ವರ್ಷ ದಾಟಿ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. ಶೀಟು ಹೊದಿಕೆ, ತಡೆಗೋಡೆ, ಹೊಸ ಕೋಣೆಯಂಥ ಖರ್ಚನ್ನು ಬೆಲೆಗೆ ಸೇರಿಸಿ ಲಾಭ ಇಳಿಸಿಕೊಳ್ಳಬಹುದು; ವರ್ಷವರ್ಷದ ಬಣ್ಣ, ರಿಪೇರಿಗೆ ಆ ಅವಕಾಶವಿಲ್ಲ. ಇಂಥ ಕೆಲಸಕ್ಕೆ ಬ್ಯಾಂಕ್ ಮೂಲಕವೇ ಹಣ ಕೊಟ್ಟು, ಕೆಲಸ ಮಾಡಿದವರಿಂದ ಬಿಲ್ ಪಡೆದು ಕ್ರಯಪತ್ರದ ಜೊತೆಗೇ ಇಟ್ಟಿರಿ.