ನಾಲ್ಕು ಇವಾನಿನ ಅಂಗಳ: ಪರ್ಷಿಯಾದ ದಾರಿಛತ್ರದ ಮಾದರಿ ಮಾಡಿದ್ದು ಹೀಗೆ

ಪರ್ಷಿಯಾದ ಕಾರವಾನ್‌ಸೆರಾಯ್‌ಗಳಲ್ಲಿ, ಅಂದರೆ ವ್ಯಾಪಾರಿ ತಂಡಗಳು ಪ್ರಾಣಿಗಳೊಂದಿಗೆ ತಂಗುತ್ತಿದ್ದ ದಾರಿಛತ್ರಗಳಲ್ಲಿ, 54 ಅನ್ನು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟಕೋನದವೂ ಇವೆ, ಇರಾನಿನ ಯಜ್ದ್ ನಗರದ ಬಳಿಯ ಜೈನುದ್ದೀನ್‌ನಂತೆ ದುಂಡನೆಯವೂ ಇವೆ. 1:100 ಮಾದರಿಗೆ ನಾನು ಆರಿಸಿಕೊಂಡದ್ದು ಸಫಾವಿ ರಾಜವಂಶದ ಕಾಲದಲ್ಲಿ (16ರಿಂದ 18ನೇ ಶತಮಾನ) ಹೆಚ್ಚಾಗಿ ಕಟ್ಟಿದ ನಾಲ್ಕು ಇವಾನಿನ ಚೌಕ. ಇವಾನ್ ಎಂದರೆ ಮೂರು ಕಡೆ ಗೋಡೆ, ಮೇಲೆ ಕಮಾನು ಚಾವಣಿ, ಅಂಗಳದ ಕಡೆ ಪೂರ್ತಿ ತೆರೆದ ಪಡಸಾಲೆ. ಬೀದರಿನ ಮಹಮೂದ್ ಗವಾನ್ ಮದರಸಾ (1472) ನೋಡಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ.

ಹೊರಗೋಡೆಯಿಂದ ಶುರು ಮಾಡಬೇಡಿ, ಮೊದಲು ಅಂಗಳ ಬರೆಯಿರಿ. ನಾನು ಇಟ್ಟುಕೊಂಡ ಬದಿ 40 ಮೀಟರ್, ಅಂದರೆ ಹಲಗೆಯ ಮೇಲೆ 40 ಸೆಂ.ಮೀ. ಎರಡೂ ಕರ್ಣ 56.6 ಸೆಂ.ಮೀ. ಬಂದರೆ ಮಾತ್ರ ಮುಂದಿನ ಕೆಲಸ. ಪ್ರತಿ ಬದಿಯ ನಡುವೆ 8 ಮೀಟರಿನ ಇವಾನ್. ಅದರ ಎಡಬಲಕ್ಕೆ ತಲಾ 16 ಮೀಟರ್ ಉಳಿಯುತ್ತದೆ, ಅಂದರೆ 4 ಮೀಟರಿನ ನಾಲ್ಕು ನಾಲ್ಕು ಅಂಕಣ.

ತೊಡಕು ಇರುವುದು ಮೂಲೆಯಲ್ಲಿ. ಎರಡು ಬದಿಯ ಕೊನೆಯ ಕೋಣೆಗಳು ಒಂದೇ ಜಾಗದ ಮೇಲೆ ಬಂದು ಕೂರುತ್ತವೆ. ಬಲವಂತವಾಗಿ ಕೂರಿಸಿದರೆ ಒಂದಕ್ಕೆ ಬಾಗಿಲೇ ಇರದು. ಪರಿಹಾರ: ಎರಡೂ ಕಡೆ ಒಂದೊಂದು ಅಂಕಣ ಬಿಟ್ಟು ಮೂಲೆಯನ್ನು ಓರೆಯಾಗಿ ಕತ್ತರಿಸುವುದು. ಅಲ್ಲಿ 5.66 ಮೀಟರ್ ಅಗಲದ ಮುಖ ಸಿಗುತ್ತದೆ. ಕೋಣೆಗಳ ಹಿಂದೆ ಉದ್ದಕ್ಕೆ ಸಾಗುವ ಲಾಯಕ್ಕೆ ಅದೇ ದಾರಿ. ಪ್ರಾಣಿಗಳು ಯಾರ ಕೋಣೆಯ ಮುಂದೆಯೂ ಹಾಯದೆ ಒಳಗೆ ಹೋಗುತ್ತವೆ. ಈ ಛತ್ರಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಜಾಣ್ಮೆ ಇದೇ.

ಮಟ್ಟ ತಪ್ಪಿದರೆ ಎಲ್ಲ ಕೆಟ್ಟಿತು. ಲಾಯ ಅಂಗಳದ ಮಟ್ಟದಲ್ಲಿ, ಕೋಣೆಗಳ ಮುಂದಿನ ಕಮಾನಿನ ಜಗುಲಿ ಸುಮಾರು 1 ಮೀಟರ್ ಮೇಲೆ. ನಾನು ಮೊದಲು ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಅಂಟಿಸಿ, ಆಮೇಲೆ ಕಿತ್ತೆ: ಅಂಗಳದ ಸಗಣಿ ನೀರು ನೇರ ಕೋಣೆಗೆ ಹರಿಯುವಂತಿತ್ತು.

ನೆರಳನ್ನು ದೀಪ ಹಿಡಿದು ನೋಡಿದೆ. ಯಜ್ದ್‌ನ ಅಕ್ಷಾಂಶ ಸುಮಾರು 32 ಡಿಗ್ರಿ. ಡಿಸೆಂಬರ್ ನಡುಹಗಲಲ್ಲಿ 6 ಮೀಟರ್ ಗೋಡೆಯ ನೆರಳು 8.7 ಮೀಟರ್ ಚಾಚುತ್ತದೆ, ಉತ್ತರದ ಕೋಣೆಗಳಿಗೆ ಬಿಸಿಲು ಸಿಗುತ್ತದೆ. ಜೂನ್‌ನಲ್ಲಿ ನೆರಳು ಒಂದು ಮೀಟರೂ ಇಲ್ಲ. ಇಷ್ಟು ವಿಶಾಲ ಅಂಗಳದಲ್ಲಿ ಬೇಸಿಗೆಯ ತಂಪು ಗೋಡೆಯ ಎತ್ತರದಿಂದ ಬರುವುದಿಲ್ಲ, ಇವಾನಿನ ಮತ್ತು ಜಗುಲಿಯ ಆಳದಿಂದ ಬರುತ್ತದೆ. ಜಗುಲಿಯ ಆಳವನ್ನು 1ರಿಂದ 1.5 ಮೀಟರ್‌ಗೆ ಏರಿಸಿದೆ. ಸಂಜೆಯ ಇಳಿಬಿಸಿಲು ಮಾತ್ರ ಪೂರ್ವದ ಸಾಲಿಗೆ ಆಗಲೂ ಹೊಡೆಯುತ್ತದೆ. ಅದಕ್ಕೆ ಆಳ ಸಾಲದು, ಬಾಗಿಲನ್ನೇ ಕಿರಿದಾಗಿಸಬೇಕು.